ಅವ್ವ ಬಳಿದ ಸುಣ್ಣ

ರೇಷ್ಮೆ ಫ್ಯಾಕ್ಟರಿ ನಡೆಯುತ್ತಿದ್ದಷ್ಟು ಕಾಲ ಮೂಗು ಮುಚ್ಚಿಕೊಂಡು ಓಡಾಡಿದ ನಮ್ಮೂರು, ಅದಕ್ಕೆ ಬೀಗ ಬಿದ್ದು ಸೂರು ಕುಸಿದ ಮೇಲೆ ಮೊಬೈಲು ಎತ್ತಿ ಹಿಡಿದು ಫೋಟೋ ತೆಗೆಯಿತು. ಇದನ್ನು ನಾನು ಕಹಿಯಾಗಿಯೇ ಹೇಳುತ್ತಿದ್ದೇನೆ. ಸಿಹಿ ಮಾಡಿ ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಈಗ ಪರಂಪರೆಯ ಬಗ್ಗೆ ಭಾಷಣ ಮಾಡುತ್ತಾರೆ.

ಫ್ಯಾಕ್ಟರಿ ಇದ್ದದ್ದು ಕೊಳ್ಳೇಗಾಲ ಮುಗಿದು ಹನೂರಿನ ರಸ್ತೆ ಹಿಡಿಯುವಲ್ಲಿ. ರೈತರು ಬೆಳೆದ ರೇಷ್ಮೆ ಗೂಡನ್ನು ಬೇಯಿಸಿ, ಅದರಿಂದ ಎಳೆ ಬಿಚ್ಚಿ ನೂಲು ತೆಗೆಯುವ ಜಾಗ. ಉದ್ದನೆಯ ಒಂದು ಹಾಲ್, ಅದರ ತಲೆಯ ಬಳಿ ಬಾಯ್ಲರು, ಬಾಯ್ಲರಿಗೊಂದು ಇಟ್ಟಿಗೆಯ ಚಿಮಣಿ. ಹಾಲ್‌ನ ಉದ್ದಕ್ಕೂ ಬಿಸಿನೀರಿನ ಬೇಸಿನ್ನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ನಮ್ಮವ್ವ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಹೊಸದರಲ್ಲಿ ಒಂದು ಬೇಸಿನ್ನಿನ ಮುಂದೆ ನಿಂತವಳು, ಫ್ಯಾಕ್ಟರಿ ಮುಚ್ಚುವವರೆಗೂ ಅದರ ಮುಂದೆಯೇ ನಿಂತಿದ್ದಳು. ಸುಡುವ ನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬಿಳಿಚಿಕೊಂಡು ಸತ್ತೇ ಹೋಗಿದ್ದವು. ನಾವೆಲ್ಲ ಬಿಸಿ ಮುದ್ದೆಯನ್ನು ಊದಿ ಊದಿ ಮುರಿಯುತ್ತಿದ್ದರೆ ಅವಳು ಒಲೆಯಿಂದ ಇಳಿಸಿದ ಹಾಗೇ ಮುರಿದು ನಮ್ಮ ತಟ್ಟೆಗೆ ಹಾಕುತ್ತಿದ್ದಳು. ಅದನ್ನು ನೋಡಿ ನಮ್ಮವ್ವನಿಗೆ ಏನೋ ಶಕ್ತಿ ಇದೆ ಎಂದು ಹೆಮ್ಮೆಪಡುತ್ತಿದ್ದೆ. ಅದು ಶಕ್ತಿಯಲ್ಲ ಎಂದು ಗೊತ್ತಾಗಲು ನಾನು ದೊಡ್ಡವಳಾಗಬೇಕಾಯಿತು.

ಬೆಂದ ಹುಳದ ವಾಸನೆ ಅವ್ವನ ಜೊತೆಯಲ್ಲೇ ಮನೆಗೆ ಬರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕದವಳು ಬೆಂಚಿನ ತುದಿಗೆ ಸರಿದು ಕೂರುತ್ತಿದ್ದಳು. ಫ್ಯಾಕ್ಟರಿ ಹೆಂಗಸರು ಬಸ್ ಹತ್ತಿದರೆ ಕಂಡಕ್ಟರು, "ಹಿಂದಕ್ ಓಗ್ರಮ್ಮೋ, ಹಿಂದಕ್ ಓಗಿ" ಎನ್ನುತ್ತಿದ್ದ. ಮುಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟವರು ಕೂತಿರುತ್ತಿದ್ದರು. ಆ ಸೀರೆಯ ನೂಲು ಎಲ್ಲಿಂದ ಬಂತು ಎಂದು ಅವರನ್ನು ಕೇಳುವ ಬಾಯಿ ಆಗ ನನಗಿರಲಿಲ್ಲ. ಈಗ ಇದೆ, ಆದರೆ ಆ ಬಸ್ಸಿಲ್ಲ.

ಬಾಯಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಾಲ್‌ನ ಎದುರು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಕರಿಯ ಬಣ್ಣದ ದಪ್ಪಕ್ಷರದಲ್ಲಿ ಒಂದು ಸಾಲು ಬರೆದಿತ್ತು: ಕೆಲಸದ ವೇಳೆ ಮಾತು ಕೂಡದು. ಅವ್ವನಿಗೆ ಓದು ಬರೆಹ ಬರುವುದಿಲ್ಲ. ಆ ಒಂದು ಸಾಲು ಮಾತ್ರ ಬರುತ್ತದೆ. ದಿನಾ ಎದುರಿಗೇ ಇತ್ತಲ್ಲ, ನೋಡಿ ನೋಡಿ ಅಕ್ಷರಗಳ ಆಕಾರವೇ ಕಣ್ಣಿಗೆ ಅಂಟಿಕೊಂಡಿತ್ತು. ಮಾತಾಡಿದವರ ಅರ್ಧ ದಿನದ ಹಾಜರಿಯನ್ನು ಮೇಸ್ತ್ರಿ ಕತ್ತರಿಸುತ್ತಿದ್ದ. ಹಾಗಾಗಿ ಅವರೆಲ್ಲ ತುಟಿ ಅಲುಗಿಸದೆ ಮಾತಾಡುವುದನ್ನು ಕಲಿತಿದ್ದರು. ಇವತ್ತಿಗೂ ಮನೆಗೆ ಬೇಡದ ನೆಂಟರು ಬಂದರೆ ಅವ್ವ ನಗುನಗುತ್ತಲೇ, ತುಟಿ ಅಲುಗದ ಹಾಗೆ, "ಇವ್ಳು ಯಾವಾಗ ಎದ್ದೋದಾಳೋ" ಎಂದು ನನಗೆ ಮಾತ್ರ ಕೇಳಿಸುವಂತೆ ಹೇಳುತ್ತಾಳೆ.

ನಮ್ಮಜ್ಜಿ ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ ಸತ್ತ ದಿನ ಸುದ್ದಿ ಹೊತ್ತ ಆಳು ಬೆಳಿಗ್ಗೆಯೇ ಫ್ಯಾಕ್ಟರಿ ಗೇಟಿಗೆ ಬಂದು ನಿಂತಿದ್ದ. ಮೇಸ್ತ್ರಿ ಸುದ್ದಿ ಕೇಳಿದ, ಗೋಡೆಯ ಆ ಸಾಲನ್ನೇ ಹೇಳಿದ, ಸಾಯಂಕಾಲ ಸೈರನ್ ಆದ ಮೇಲೆ ಹೇಳಿದರಾಯಿತು ಎಂದ. ಅಷ್ಟು ಹೊತ್ತೂ ಅವ್ವ ಎಳೆ ಬಿಚ್ಚುತ್ತಾ ನಿಂತಿದ್ದಳು. ವಿಷಯ ತಿಳಿದು ಬಸ್ ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿ ಜನ ಸ್ನಾನಕ್ಕೆ ಹೋಗಿದ್ದರು. ಹೆತ್ತ ತಾಯಿಯ ಮುಖ ನೋಡಲು ಅವಳಿಗೆ ಸಿಗಲಿಲ್ಲ.

ಇಷ್ಟೆಲ್ಲ ಆದರೂ ಅವ್ವನಿಗೆ ಆ ಫ್ಯಾಕ್ಟರಿಯೆಂದರೆ ಪ್ರಾಣ. ಇದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಕೇಳಿದರೆ, "ಮನಲಿ ನಾನು ಯಾರ್ದೋ ಎಂಡ್ತಿ, ಯಾರ್ದೋ ಸೊಸ. ಅಲ್ಲಿ ನಾನು ನಾನೇಯ" ಎನ್ನುತ್ತಾಳೆ. ಅವಳ ಜೊತೆಗಾತಿಯರೆಲ್ಲ ಅಲ್ಲೇ ಸಿಕ್ಕವರು. ಯಳಂದೂರಿನಿಂದ ಬರುತ್ತಿದ್ದವಳೊಬ್ಬಳು ಅವಳ ಪಕ್ಕದ ಬೇಸಿನ್ನಿನವಳು. ನಾನು ಅವಳನ್ನು ಚಿಕ್ಕವ್ವ ಎಂದೇ ಕರೆಯುವುದು.

ವರ್ಷಕ್ಕೊಂದು ದಿನ ಮಾತ್ರ ಆ ಹಾಲ್‌ನಲ್ಲಿ ಬಾಯಿಗೆ ಬಿಡುಗಡೆಯಿತ್ತು. ಆಯುಧಪೂಜೆಯ ಹಿಂದಿನ ದಿನ ಬಾಯ್ಲರು ಆರಿಸಿ, ಹೆಂಗಸರೆಲ್ಲ ಸೇರಿ ಹಾಲ್‌ಗೆ ಸುಣ್ಣ ಬಳಿಯುವುದು ಪದ್ಧತಿ. ಸುಣ್ಣದ ಕಲ್ಲನ್ನು ಡ್ರಮ್ಮಿನಲ್ಲಿ ನೆನೆಹಾಕಿ, ಸ್ವಲ್ಪ ನೀಲಿ ಬೆರೆಸಿ, ಕತ್ತಾಳೆ ನಾರಿನ ಕುಂಚದಿಂದ ಬಳಿಯುತ್ತಿದ್ದರು. ಅವತ್ತು ಹಾಡು, ನಗು, ಬೈಗುಳ ಎಲ್ಲದಕ್ಕೂ ಅಪ್ಪಣೆ ಸಿಗುತ್ತಿತ್ತು. ಒಂದೇ ಕಟ್ಟಳೆ: ಎದುರು ಗೋಡೆಯ ಆ ಸಾಲನ್ನು ಮುಟ್ಟಬಾರದು. ಮೇಸ್ತ್ರಿ ಪಕ್ಕದಲ್ಲೇ ನಿಂತು ಅಕ್ಷರಗಳ ಸುತ್ತ ಬಿಟ್ಟು ಬಳಿಸುತ್ತಿದ್ದ. ಮಾರನೆಯ ದಿನ ಪೇಂಟರು ಬಂದು ಅದಕ್ಕೆ ಹೊಸ ಕಪ್ಪು ಹಚ್ಚುತ್ತಿದ್ದ.

ಆಮೇಲೆ ಫ್ಯಾಕ್ಟರಿ ಮುಚ್ಚಿತು. ನಷ್ಟ ಅಂದರು, ಯಂತ್ರ ಹಳೆಯದಾಯಿತು ಅಂದರು, ಏನೇನೋ ಅಂದರು. ಅದರ ಬಾಗಿಲು ಕಿಟಕಿಗಳು ಯಾರ್ಯಾರ ಮನೆ ಸೇರಿದವು ಎಂಬುದು ಊರಿಗೆಲ್ಲ ಗೊತ್ತು. ತಾಮ್ರದ ಪೈಪು ಗುಜರಿಗೆ ಹೋಯಿತು. ಬಾಯ್ಲರನ್ನು ಹಾಡುಹಗಲೇ ಗ್ಯಾಸ್ ಹಚ್ಚಿ ಕತ್ತರಿಸಿ ಲಾರಿಗೆ ತುಂಬಿದರು. ಮಾಡಿನ ಹೆಂಚು ಇಳಿದವು, ಮಳೆ ಒಳಗೆ ಇಳಿಯಿತು. ಅಂಗಳದ ತುಂಬ ಲಾಂಟಾನ ಬೆಳೆದು ಹಾವು ಹುಳು ಸೇರಿಕೊಂಡವು. ಆಗ ಯಾರೊಬ್ಬರೂ ಅಯ್ಯೋ ಅನ್ನಲಿಲ್ಲ. ಅವ್ವ, ಚಿಕ್ಕವ್ವ ಮತ್ತು ಇನ್ನೂ ಕೆಲವರು ಮಾತ್ರ ಪ್ರತಿ ಆಯುಧಪೂಜೆಗೆ ವಾಚ್‌ಮನ್‌ನನ್ನು ಕಾಡಿ ಬೇಡಿ ಗೇಟು ತೆಗೆಸಿ, ಬಾಯ್ಲರು ಇದ್ದ ಹಳ್ಳದ ಮುಂದೆ ಬೂದುಗುಂಬಳ ಒಡೆದು ಬರುತ್ತಿದ್ದರು. ಜನ ನಕ್ಕರು. ನಾನೂ ನಕ್ಕಿದ್ದೆ.

ಹೀಗಿರುವಾಗ ಪರಂಪರೆಯವರು ಬಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ. ದೊಡ್ಡ ಊರಿನವರು, ಹಳೆಯ ಕಟ್ಟಡಗಳನ್ನು ಉಳಿಸುವ ಗುಂಪಿನವರು. ಹತ್ತಿಯ ಜುಬ್ಬ, ಕುತ್ತಿಗೆಗೆ ಕ್ಯಾಮರಾ. ಕಿತ್ತುಹೋದ ಗಾರೆಯನ್ನು ಮುಟ್ಟಿ ಮುಟ್ಟಿ ನೋಡಿದರು, ಮಸಿ ಹಿಡಿದ ಗೋಡೆಯ ಮುಂದೆ ನಿಂತು ನಿಟ್ಟುಸಿರು ಬಿಟ್ಟರು. ಎದುರು ಗೋಡೆಯ ಆ ಸಾಲಿನ ಫೋಟೋವನ್ನಂತೂ ಎದ್ದು, ಕೂತು, ಮಲಗಿ ತೆಗೆದರು. ಅವರಲ್ಲಿ ಒಬ್ಬರು ನಮ್ಮ ಮನೆಗೂ ಬಂದು ಅವ್ವನನ್ನು ಮಾತಾಡಿಸಿದರು. ಕಟ್ಟಡ ಸರ್ಕಾರದ ಪಟ್ಟಿಗೆ ಸೇರಿದರೆ ಅದನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡುತ್ತೇವೆ, ಒಂದೆರಡು ಬೇಸಿನ್ನು ಮತ್ತೆ ಹೂಡುತ್ತೇವೆ, ನೀವು ಬಂದು ನೂಲು ತೆಗೆಯುವುದನ್ನು ಜನಕ್ಕೆ ತೋರಿಸಬೇಕು ಎಂದರು.

ಅವತ್ತಿನಿಂದ ಅವ್ವ ಬೇರೆಯವಳೇ ಆದಳು. ಸಂಜೆ ಹೊತ್ತು ಪಾತ್ರೆಯಲ್ಲಿ ಬಿಸಿನೀರು ಹಾಕಿಕೊಂಡು ಬೆರಳಾಡಿಸುತ್ತಾ ಕೂರುವಳು. ಏನವ್ವ ಇದು ಎಂದರೆ, "ಬೆಳ್ಳು ಮರ್ತೋಗಿದ್ದವಾ ಅಂತ ನೋಡ್ತಿವ್ನಿ ಕಣಮ್ಮಿ. ಮರ್ತಿಲ್ಲ" ಎನ್ನುವಳು. ನನಗೆ ನಂಬಿಕೆ ಇರಲಿಲ್ಲ. ಹನೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುವವಳು ನಾನು. ಸಾಹೇಬರುಗಳು ಬಂದು ಕೊಟ್ಟು ಹೋದ ಭರವಸೆಗಳಿಂದಲೇ ನಮ್ಮ ಶಾಲೆಗೆ ಮಾಡು ಹಾಕಿಸಬಹುದಿತ್ತು. ಆದರೂ ಅವಳ ಮುಖ ನೋಡಿ ನಾನೇ ನೀರು ಕಾಯಿಸಿ ಕೊಡುತ್ತಿದ್ದೆ.

ಕಟ್ಟಡವನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ನೋಡಲು ದೊಡ್ಡ ಅಧಿಕಾರಿಗಳು ಬರುತ್ತಾರೆಂದು ವಾಚ್‌ಮನ್‌ಗೆ ಫೋನು ಬಂತು. ಕಳೆ ಕೀಳಿಸಿ ಜಾಗ ಚೊಕ್ಕ ಮಾಡಿಸಿ ಎಂದರಂತೆ. ಅಷ್ಟೇ ಹೇಳಿದ್ದು. ಏನು ಮುಟ್ಟಬಾರದು ಎಂದು ಯಾರೂ ಹೇಳಲಿಲ್ಲ. ವಾಚ್‌ಮನ್ ಬಂದು ಅವ್ವನಿಗೆ ಸುದ್ದಿ ಮುಟ್ಟಿಸಿದ.

"ಮಸಿ ಗ್ವಾಡ ಇಟ್ಕಂಡು ನೆಂಟ್ರ ಕರುದ್ರ ನಮ್ಮ ಮಾನ ಉಳ್ದದ?" ಎಂದಳು ಅವ್ವ. ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೆ, ಹಬ್ಬಕ್ಕೆ ನೆಂಟರು ಬರುತ್ತಾರೆಂದರೆ, ನಮ್ಮ ಕಡೆಯ ಯಾವ ಹೆಂಗಸೂ ಮೊದಲು ಮಾಡುವ ಕೆಲಸ ಸುಣ್ಣ ಬಳಿಯುವುದು. ಅವಳು ಮಾಡಿದ್ದೂ ಅದನ್ನೇ. ಫೋನಿನ ಮೇಲೆ ಫೋನು ಹೊಡೆದಳು. ಯಳಂದೂರಿನಿಂದ ಚಿಕ್ಕವ್ವ ಬಂದಳು. ಹನೂರಿನ ಆಚೆಯಿಂದ ಕೆಲವರು ಬಂದರು. ಲೊಕ್ಕನಹಳ್ಳಿಗೆ ಮಗಳ ಮನೆ ಸೇರಿದ್ದವಳೊಬ್ಬಳು ಮೊದಲ ಬಸ್ಸಿಗೇ ಬಂದಿಳಿದಳು. "ಆನ ಬಂದು ರಾಗಿನೆಲ್ಲಾ ತುಳ್ದಾಕ್ಬುಟ್ಟವ. ಕಾಯಕ್ಕ ಇನ್ನೇನೂ ಇಲ್ಲ, ಅದ್ಕೇ ಬಂದಿ" ಎಂದು ನಗುತ್ತಾ ಕುಂಚ ಕೈಗೆ ತೆಗೆದುಕೊಂಡಳಂತೆ.

ನಾನು ಸಂಜೆ ಹನೂರಿನಿಂದ ಬರುವಾಗ ಫ್ಯಾಕ್ಟರಿಯ ಮುಂದೆ ಬಸ್ಸಿಳಿದು ಒಳಗೆ ಹೋದೆ. ಹಾಲ್ ಬೆಳ್ಳಗಾಗಿತ್ತು. ಬಾಗಿಲಿನ ಚೌಕಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಮಾವಿನ ಸೊಪ್ಪು ಕಟ್ಟಿದ್ದರು. ಎಲ್ಲರೂ ನೆಲದ ಮೇಲೆ ಕಾಲು ಚಾಚಿ ಕೂತು, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಗಲಗಲ ಮಾತಾಡುತ್ತಿದ್ದರು. ಅವ್ವನ ಹುಬ್ಬಿಗೂ ಸುಣ್ಣ ಹತ್ತಿತ್ತು. ಎದುರು ಗೋಡೆ ನೋಡಿದೆ. ಸಾಲು ಇರಲಿಲ್ಲ.

"ಬಿಟ್ಟು ಬಳಿಯಬೇಕಿತ್ತಲ್ಲವೇನವ್ವ ಅದನ್ನ?" ಎಂದೆ ತಮಾಷೆಗೆ.

"ಮೇಸ್ತ್ರಿ ಎಲ್ಲವ್ನ ಈಗ, ಬಿಟ್ಬುಡು ಅನ್ನಕ್ಕ? ಅದ್ರ ಮ್ಯಾಲ ಎರಡ್ ಸಲ ಬಳ್ದಿವ್ನಿ. ಒಂದ್ಸಲ ನನ್ಗ, ಇನ್ನೊಂದ್ಸಲ ನಮ್ಮವ್ವನ್ಗ" ಎಂದಳು. ಹೇಳುವಾಗ ನಗುತ್ತಲೇ ಇದ್ದಳು. ಅವಳನ್ನು ಅಷ್ಟು ಸಂತೋಷವಾಗಿ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅಧಿಕಾರಿಗಳು ಬಂದ ದಿನ ನಾನು ರಜೆ ಹಾಕಿ ಹೋಗಿದ್ದೆ. ಹೆಂಗಸರು ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಪಾನಕದ ಲೋಟಗಳನ್ನು ತಟ್ಟೆಯಲ್ಲಿ ಹಿಡಿದು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಜೀಪಿನಿಂದ ಇಳಿದವರಲ್ಲಿ ಕನ್ನಡಕ ಹಾಕಿದ ಹಿರಿಯ ಅಧಿಕಾರಿಯೊಬ್ಬರು ಮುಂದೆ ಬಂದು, ಹೊಸಿಲಿನಲ್ಲೇ ನಿಂತುಬಿಟ್ಟರು.

"ಇದಕ್ಕೆ ಸುಣ್ಣ ಹೊಡೆದವರು ಯಾರು?"

ಅವ್ವ ಹೊಗಳುತ್ತಾರೆಂದುಕೊಂಡು ಒಂದು ಹೆಜ್ಜೆ ಮುಂದೆ ಬಂದಳು. "ನಾವೇ ಸಾ. ಎಲ್ಲಾ ಸೇರ್ಕಂಡು ಒಂದೇ ದಿನ್ದಲ್ಲಿ ಮುಗುಸ್ಬುಟ್ವಿ."

ಅವರು ಜೊತೆಯವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಆಮೇಲೆ ಎದುರು ಗೋಡೆಯ ಹತ್ತಿರ ಹೋಗಿ ಅದರ ಮೇಲೆ ಕೈಯಾಡಿಸಿದರು. "ಇಲ್ಲೊಂದು ಬರಹ ಇತ್ತಲ್ಲ. ಫೋಟೋದಲ್ಲಿ ನೋಡಿದ್ದೆ."

"ಇತ್ತು ಸಾ. ಬಳ್ದಾಕ್ಬುಟ್ವಿ. ಇನ್ನು ಕಾಣಲ್ಲ."

"ಮೂಲ ಸ್ವರೂಪವೇ ಹೋಯಿತು," ಎಂದರು ಅವರು. "ಆ ಬರಹ ಅಂದಿನ ಕಾರ್ಮಿಕ ಜೀವನಕ್ಕೆ ಇದ್ದ ಒಂದೇ ಸಾಕ್ಷಿ. ಇನ್ನು ಇಲ್ಲಿ ಉಳಿಸಲು ಏನಿದೆ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಸಾಕ್ಷಿಗಳು ಪಾನಕ ಹಿಡಿದುಕೊಂಡು ನಿಮ್ಮ ಮುಂದೆಯೇ ನಿಂತಿದ್ದಾರೆ ಸರ್, ಒಂದು ಮಾತು ಕೇಳಿ," ಎಂದೆ. ವರ್ಷ ವರ್ಷವೂ ಈ ಹೆಂಗಸರೇ ಈ ಹಾಲ್‌ಗೆ ಸುಣ್ಣ ಬಳಿಯುತ್ತಿದ್ದರು, ಅದೇ ಇಲ್ಲಿನ ಪದ್ಧತಿ, ನೀವು ಮೆಚ್ಚಿದ ಮಸಿ ಫ್ಯಾಕ್ಟರಿ ಮುಚ್ಚಿದ ಮೇಲೆ ಕೂತದ್ದು ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಭಾವುಕರಾಗಬೇಡಿ ಮೇಡಂ" ಎಂದರು. ಪಾನಕವನ್ನು ಯಾರೂ ಮುಟ್ಟಲಿಲ್ಲ. ಜೀಪು ಹೋದ ಮೇಲೂ ಹೆಂಗಸರು ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಅವ್ವ ನನ್ನ ಕೈ ಹಿಡಿದು, "ಏನಂದ್ರು ಅಮ್ಮಿ? ಚಂದಾಗದ ಅಂದ್ರಾ?" ಎಂದು ಕೇಳಿದಳು. ಅವಳಿಗೆ ಆಗಲೇ ಗೊತ್ತಾಗಿತ್ತು. ತಿಳಿದದ್ದು ಸುಳ್ಳಾಗಲಿ ಎಂದು ಕೇಳಿದಳು.

ಕಟ್ಟಡ ಪಟ್ಟಿಗೆ ಸೇರಲಿಲ್ಲ. ಆ ಜಾಗದ ಮೇಲೆ ಕಣ್ಣಿಟ್ಟವರು ಅದಕ್ಕೇ ಕಾಯುತ್ತಿದ್ದರು. ಜೆಸಿಬಿ ಬಂದು ಹಾಲ್ ಅನ್ನು ಕೆಡವಿತು. ಈಗ ಅಲ್ಲಿ ಮಳಿಗೆಗಳು ಏಳುತ್ತಿವೆ. ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲ ಕಡೆ ಒಂದೇ ಮಾತು: ಮುದುಕಿಯರು ಸುಣ್ಣ ಬಳಿದು ಊರಿನ ಹೆಮ್ಮೆಯನ್ನು ಹಾಳು ಮಾಡಿದರು. ಬಾಗಿಲು ಹೊತ್ತವರು ಹೇಳಿದರು, ತಾಮ್ರ ಮಾರಿದವರು ಹೇಳಿದರು. "ಮಂಗ ಮೊಸ್ರು ತಿಂದು ಮೇಕ ಬಾಯ್ಗ ಒರುಸ್ತಂತ" ಎಂದು ಚಿಕ್ಕವ್ವ ರಸ್ತೆಯಲ್ಲಿ ನಿಂತು ಕೂಗಾಡಿದಳು. ಅವ್ವ ಒಂದು ಮಾತೂ ಆಡಲಿಲ್ಲ.

ಪರಂಪರೆಯ ಗುಂಪಿನಲ್ಲಿದ್ದ ಒಬ್ಬರು ತಡವಾಗಿ ಫೋನು ಮಾಡಿದ್ದರು. ಸುಣ್ಣದಿಂದ ಹಳೆಯ ಗೋಡೆಗೆ ಏನೂ ಕೇಡಿಲ್ಲ, ಜೋಪಾನವಾಗಿ ಉಜ್ಜಿ ತೆಗೆದಿದ್ದರೆ ಕೆಳಗಿನ ಅಕ್ಷರ ಕಾಣುತ್ತಿತ್ತು, ಬೇಡ ಎನ್ನಲು ಅಧಿಕಾರಿಗಳಿಗೊಂದು ನೆಪ ಬೇಕಿತ್ತು ಅಷ್ಟೆ ಎಂದರು. ಈ ಮಾತನ್ನು ಅವತ್ತೇ ಬಂದು ಅವರ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಫೋನಿಟ್ಟರು. ಅವ್ವನಿಗೆ ಇದನ್ನೆಲ್ಲ ಹೇಳಿದೆ, ಒಂದು ಸಲವಲ್ಲ, ಹಲವು ಸಲ. ಅವಳು ನಂಬಲಿಲ್ಲ.

"ಗ್ವಾಡಗ ಬಳ್ದದ್ದು ಬಂದೋರ್ಗ ಅಂತ. ಆ ಅಕ್ಸರದ ಮ್ಯಾಲ ಬಳ್ದದ್ದು ನನ್ ಒಟ್ಟ ಒಳಗಿನ ಸಂಕ್ಟಕ್ಕ. ಅದ್ನ ಬಿಟ್ಟಿದ್ರ ಫ್ಯಾಕ್ಟ್ರಿ ಉಳ್ಕಳದು. ನಾನೇ ಕಳುದ್ಬುಟ್ಟಿ ಕಣಮ್ಮಿ."

ಆಮೇಲಿನ ಯುಗಾದಿಗೆ ನಮ್ಮ ಮನೆಗೆ ಸುಣ್ಣ ಬೀಳಲಿಲ್ಲ. ಬಕೆಟ್ಟಿನಲ್ಲಿ ಸುಣ್ಣ ನೆನೆಹಾಕಿದ್ದನ್ನು ನೋಡಿ ಅವ್ವ ಎದ್ದು ಹಿತ್ತಿಲಿಗೆ ಹೋಗಿ ಕೂತಳು. ನಾನು ಬಕೆಟ್ಟನ್ನು ಹಾಗೇ ಚೆಲ್ಲಿದೆ. ಇವತ್ತಿಗೂ ನಮ್ಮ ಗೋಡೆಗಳು ಹಾಗೇ ಇವೆ.

ಚಿಮಣಿಯನ್ನು ಮಾತ್ರ ಕೆಡವಲಿಲ್ಲ. ಪ್ರೀತಿಯಿಂದಲ್ಲ, ಬಿದ್ದರೆ ಅಕ್ಕಪಕ್ಕದ ಅಂಗಡಿಗಳ ಮೇಲೆ ಬೀಳುತ್ತದೆಂಬ ಭಯಕ್ಕೆ. ಹೇಗೂ ಉಳಿಯಿತಲ್ಲ ಎಂದು ಅದರ ಸುತ್ತ ಕಬ್ಬಿಣದ ಬೇಲಿ ಹಾಕಿ, ಬಣ್ಣದ ದೀಪ ಸುತ್ತಿ, ಪರಂಪರೆಯ ಗುರುತು ಎಂದರು. ಬೇಲಿಯ ಮುಂದೆ ಒಂದು ದೊಡ್ಡ ಬೋರ್ಡು ನಿಲ್ಲಿಸಿದರು. ಅವ್ವ ಆ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಳು. ಒಂದು ದಿನ ಕಣ್ಣಿನ ಆಸ್ಪತ್ರೆಯಿಂದ ಆಟೋದಲ್ಲಿ ವಾಪಸ್ಸು ಬರುವಾಗ ತಾನಾಗಿಯೇ, "ಅಲ್ಲಿ ವಸಿ ನಿಲ್ಸಕ್ಕ ಯೋಳು" ಎಂದಳು.

ಇಬ್ಬರೂ ಬೋರ್ಡಿನ ಮುಂದೆ ನಿಂತೆವು. ನಾನು ಓದಿದೆ. ಫ್ಯಾಕ್ಟರಿ ಕಟ್ಟಿಸಿದವರ ದೂರದೃಷ್ಟಿ, ಬಾಯ್ಲರಿನ ಗಾತ್ರ, ಚಿಮಣಿಯ ಎತ್ತರ ಎಲ್ಲ ಇತ್ತು. ನುರಿತ ಕಾರ್ಮಿಕರು ಎಂದು ಒಂದು ಕಡೆ ಬರೆದಿತ್ತು. ಹೆಂಗಸರು ಎಂಬ ಮಾತು ಎಲ್ಲೂ ಇರಲಿಲ್ಲ. ಎಲ್ಲಕ್ಕಿಂತ ಮೇಲೆ, ಆ ಫೋಟೋದಿಂದ ಎತ್ತಿ, ಅದೇ ಹಳೆಯ ದಪ್ಪಕ್ಷರದಲ್ಲಿ, ತಲೆಬರಹದ ಹಾಗೆ ಅಚ್ಚು ಹಾಕಿಸಿದ್ದರು: ಕೆಲಸದ ವೇಳೆ ಮಾತು ಕೂಡದು.

ನಾನು ಓದಿ ಹೇಳಬೇಕಾಗಿರಲಿಲ್ಲ. ಅವಳಿಗೆ ಓದಲು ಬರುವ ಒಂದೇ ಸಾಲು ಅದು.

"ಗ್ವಾಡನೆಲ್ಲಾ ಕೆಡುವ್ಬುಟ್ಟು ಇದೊಂದ್ನ ಉಳುಸ್ಕಂಡವ್ರ," ಎಂದಳು.

ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಅದರೊಳಗಿನ ಸುಣ್ಣದ ಡಬ್ಬಿ ತೆರೆದಳು. ಆ ಸತ್ತ ಬೆರಳ ತುದಿಗೆ ಸುಣ್ಣ ತೆಗೆದುಕೊಂಡು, ತುದಿಗಾಲಲ್ಲಿ ನಿಂತು, ಸಾಲಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎಳೆದಳು. ಸಾಲದಾಯಿತು. ಡಬ್ಬಿ ಬರಿದಾಗುವವರೆಗೆ ಮತ್ತೆ ಮತ್ತೆ ಎಳೆದಳು. ಎದುರಿನ ಅಂಗಡಿಯವನು, "ಏಯ್ ಅಜ್ಜಿ, ಬೋರ್ಡ್ ಯಾಕ ಆಳ್ ಮಾಡ್ದಯ್" ಎಂದು ಕೂಗಿದ. ನಾನು ತಿರುಗಿ ನೋಡಿದ ನೋಟಕ್ಕೆ ಒಳಗೆ ಹೋದ. ಆಟೋ ಹತ್ತಿದ ಮೇಲೆ ಅವ್ವ, ಎಷ್ಟೋ ತಿಂಗಳ ಮೇಲೆ, ಮನೆ ಬರುವವರೆಗೂ ಮಾತಾಡಿದಳು.

ಮಾರನೆಯ ದಿನ ಹನೂರಿನ ಬಸ್ಸಿನ ಕಿಟಕಿಯಿಂದ ನೋಡಿದೆ. ಯಾರೋ ಬೋರ್ಡನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಧೂಳೂ ಹೋಗಿ ಆ ಸಾಲು ಮೊದಲಿಗಿಂತ ಚೆನ್ನಾಗಿ ಹೊಳೆಯುತ್ತಿತ್ತು.

ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳುತ್ತಾಳೆ. "ನಾ ಬಳ್ದದ್ದು ಇನ್ನೂ ಅದಾ ಅಮ್ಮಿ?"

"ಅದ ಕಣವ್ವ. ಅಂಗೇ ಅದ" ಎನ್ನುತ್ತೇನೆ. ದಿನಾ ಕೇಳುತ್ತಾಳೆ, ದಿನಾ ಹೇಳುತ್ತೇನೆ.